ನಂದಗಡದ ಆಲದ ಮರ: ಗುರುತಿನ ಕಲ್ಲುಗಳನ್ನು ಓದುವ ವಿಷಯವಾಗಿ ಒಂದು ಪಾಠ



ಈ ತಿಂಗಳಿನ ಪಾಠವನ್ನು ನಾವು ಪುಸ್ತಕದಿಂದ ಆರಿಸಿಕೊಳ್ಳದೆ ದಾರಿಯ ಬದಿಯಿಂದ ಆರಿಸಿಕೊಂಡಿದ್ದೇವೆ. ನಮ್ಮ ಸಭೆಗಳಲ್ಲಿ ಬಹುಜನರು ಒಕ್ಕಲುತನದವರು. ಹೊಲಕ್ಕೆ ಹೋಗುವಾಗ ಅಗಸೆಯ ಬಳಿಯಲ್ಲಿ, ಕೆರೆಯ ಏರಿಯ ಮೇಲೆ, ಹಾಳುಗುಡಿಯ ಮಗ್ಗುಲಲ್ಲಿ ನಿಂತಿರುವ ಕಲ್ಲುಗಳನ್ನು ಅವರು ದಿನಾಲು ನೋಡುತ್ತಾರೆ. ಮಗುವು ಕೈಮಾಡಿ ತೋರಿಸಿ, ಇದು ಯಾರದೆಂದು ಕೇಳಿದರೆ, ಹಿಂದಿನವರು ನಿಲ್ಲಿಸಿದ್ದೆಂದು ಹೇಳಿ ಮುಂದೆ ನಡೆಯುತ್ತಾರೆ. ಆ ಉತ್ತರವು ಸುಳ್ಳಲ್ಲ. ಆದರೆ ಅದು ಉತ್ತರವೂ ಅಲ್ಲ. ಯಾರು ನಿಲ್ಲಿಸಿದರು, ಯಾರ ನಿಮಿತ್ತ ನಿಲ್ಲಿಸಿದರು, ಅದರಲ್ಲಿ ಏನು ಬರೆದರು, ಏನನ್ನು ಬರೆಯದೆ ಬಿಟ್ಟರು, ಈ ನಾಲ್ಕನ್ನು ಕೇಳಿದ ಹೊರತು ಕಲ್ಲನ್ನು ಓದಿದ ಹಾಗಾಗಲಿಲ್ಲ. ಇದನ್ನು ಕಲಿಯುವದಕ್ಕೆ ನಮ್ಮ ಸೀಮೆಯಲ್ಲಿಯೇ ಎರಡು ಗುರುತುಗಳಿವೆ. ಒಂದು ಧಾರವಾಡದಲ್ಲಿರುವ ಕಲ್ಲಿನ ಕಂಬ. ಇನ್ನೊಂದು ನಂದಗಡದಲ್ಲಿರುವ ಆಲದ ಮರ. ಎರಡೂ ಒಂದೇ ಜಗಳದಿಂದ ಹುಟ್ಟಿದವುಗಳು.

ಮೊದಲು ಧಾರವಾಡದ ಕಂಬದ ವಿಷಯ. ಅದು ಸೇಂಟ್ ಜಾನ್ ಥ್ಯಾಕರೆ ಎಂಬ ಆಂಗ್ಲ ಅಧಿಕಾರಿಯ ನೆನಪಿಗಾಗಿ ಎತ್ತಿದ್ದು. ಈತನು ಕಂಪನಿ ಸರಕಾರದ ಕಾಲದಲ್ಲಿ ಧಾರವಾಡದ ಮುಖ್ಯ ಕಲೆಕ್ಟರನೂ ರಾಜಕೀಯ ಏಜೆಂಟನೂ ಆಗಿದ್ದನು. ಇಂಗ್ಲಿಷ್ ಕಾದಂಬರಿಕಾರನಾದ ವಿಲಿಯಮ್ ಮೇಕ್‌ಪೀಸ್ ಥ್ಯಾಕರೆಗೆ ಇವನು ಚಿಕ್ಕಪ್ಪನಾಗಬೇಕು. 1824ನೆಯ ಇಸವಿಯ ಸಪ್ಟಂಬರದಲ್ಲಿ ಕಿತ್ತೂರಿನ ದೇಸಾಯಿಯಾದ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವದಕ್ಕಿಂತ ಮುಂಚೆ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನು. ಥ್ಯಾಕರೆಯು ಆ ದತ್ತಕವನ್ನು ಒಪ್ಪದೆ, ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿದನು. ತೀರಿಹೋದ ಮಲ್ಲಸರ್ಜ ದೇಸಾಯಿಯ ಹೆಂಡತಿಯಾದ ರಾಣಿ ಚೆನ್ನಮ್ಮನು ಮುಂಬಯಿಯ ಗವರ್ನರನಿಗೂ ದಖ್ಖಣದ ಕಮಿಶನರನಾದ ಚಾಪ್ಲಿನ್ನನಿಗೂ ಪತ್ರಗಳನ್ನು ಬರೆಯಿಸಿದಳು. ಪ್ರಯೋಜನವಾಗಲಿಲ್ಲ. ಅಕ್ಟೋಬರ 23ರಂದು ಕೋಟೆಯ ಬಾಗಿಲ ಮುಂದೆ ಕಾಳಗವಾಗಿ ಥ್ಯಾಕರೆಯು ಗುಂಡೇಟಿನಿಂದ ಸತ್ತನು. ಹೊಡೆದವನು ಅಮಟೂರ ಬಾಳಪ್ಪನೆಂದು ನಾಡಿನವರ ಮಾತು.

ಆ ದಿವಸ ಇಬ್ಬರು ಆಂಗ್ಲರು ಸೆರೆಸಿಕ್ಕರು. ಸ್ಟೀವನ್‌ಸನ್ ಎಂಬವನು ಒಬ್ಬನು. ಮತ್ತೊಬ್ಬನು ಥ್ಯಾಕರೆಯ ಸಹಾಯಕನಾದ ವಾಲ್ಟರ್ ಎಲಿಯಟ್. ಕಿತ್ತೂರಿನವರು ಇವರಿಗೆ ಕೇಡು ಮಾಡದೆ ಕಾದಿಟ್ಟು, ಡಿಸೆಂಬರದ ಆರಂಭದಲ್ಲಿ ಬಿಟ್ಟುಕೊಟ್ಟರು. ವಾಚಕರು ಎಲಿಯಟ್ಟನ ಹೆಸರನ್ನು ನೆನಪಿನಲ್ಲಿಡಬೇಕು. ಯಾಕಂದರೆ ಮುಂದೆ ಈ ಮನುಷ್ಯನೇ ನಮ್ಮ ಸೀಮೆಯ ಊರೂರುಗಳ ಕಲ್ಲುಬರಹಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ, ಚಾಲುಕ್ಯರೇ ಮೊದಲಾದ ಅರಸರ ಕಾಲಕ್ರಮವನ್ನು ಪಂಡಿತರ ಮುಂದೆ ಇಟ್ಟನು. ಕಿತ್ತೂರಿನ ಸೆರೆಯಿಂದ ಜೀವದಿಂದ ಉಳಿದು ಬಂದವನ ಕೈಯಿಂದ ಕನ್ನಡದ ಹಳೆಯ ಕಲ್ಲುಗಳು ಮಾತಾಡಹತ್ತಿದವು. ದನದ ಕೊಟ್ಟಿಗೆಗಳಲ್ಲಿಯೂ ಬಾವಿಯ ಕಟ್ಟೆಗಳಲ್ಲಿಯೂ ಬಿದ್ದಿದ್ದ ಕಲ್ಲುಗಳಲ್ಲಿ ಅರಸರ ಚರಿತ್ರೆ ಇದೆಯೆಂದು ನಮ್ಮವರಲ್ಲಿ ಎಷ್ಟು ಜನರು ಆ ಕಾಲದಲ್ಲಿ ಎಣಿಸಿದ್ದರು?

ಡಿಸೆಂಬರದಲ್ಲಿ ಕಂಪನಿಯವರು ದೊಡ್ಡ ಸೈನ್ಯದೊಡನೆ ತಿರುಗಿ ಬಂದರು. ಈ ಸಾರೆ ಅವರ ಕಡೆಯಲ್ಲಿ ಸೊಲ್ಲಾಪುರದ ಉಪಕಲೆಕ್ಟರನಾದ ಮನ್ರೋ ಸತ್ತನು. ಆದರೆ ಡಿಸೆಂಬರ 5ರಂದು ಕೋಟೆಯು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದ ಸೆರೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಆಕೆಯು ಅಲ್ಲಿಯೇ ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಅದೆ. ದತ್ತಕಪುತ್ರನಿಗೆ ಹಕ್ಕಿಲ್ಲವೆಂದು ಸಂಸ್ಥಾನವನ್ನು ನುಂಗುವ ಈ ಯುಕ್ತಿಯನ್ನು ಡಾಲ್‌ಹೌಸಿಯು ಸಾತಾರೆಯ ಮೇಲೆಯೂ ಝಾಂಸಿಯ ಮೇಲೆಯೂ ನಡಿಸಿದ್ದನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಸಾತಾರೆಯು ಹೋದದ್ದು 1848ರಲ್ಲಿ. ಕಿತ್ತೂರು ಅದಕ್ಕೆ ಇಪ್ಪತ್ತನಾಲ್ಕು ವರ್ಷ ಮುಂಚೆಯೇ ಆ ನೋವನ್ನು ಉಂಡಿತ್ತು.

ಈಗ ಕಂಬದ ಕಡೆಗೆ ತಿರುಗೋಣ. ಇಂಥ ಕಲ್ಲುಗಳ ಮೇಲೆ ಸತ್ತವನ ಹೆಸರನ್ನೂ ಹುದ್ದೆಯನ್ನೂ ಸತ್ತ ದಿವಸವನ್ನೂ ಕೆತ್ತುವದು ವಾಡಿಕೆ. ಅದರಲ್ಲಿ ತಪ್ಪೇನಿಲ್ಲ. ಪರದೇಶದಲ್ಲಿ ಸತ್ತ ಒಬ್ಬ ಮನುಷ್ಯನಿಗೆ ಅವನ ಕಡೆಯವರು ಗುರುತು ಇಟ್ಟರೆ ನಾವು ಅದನ್ನು ಹೀಯಾಳಿಸಬಾರದು. ಆದರೆ ಅವನು ಯಾತಕ್ಕೆ ಆ ಬಾಗಿಲ ಮುಂದೆ ನಿಂತಿದ್ದನು, ಒಳಗಿದ್ದವರು ಏನು ಬೇಡಿಕೊಂಡಿದ್ದರು, ಅವನ ಕೂಡ ಆ ದಿವಸ ಸತ್ತ ನಾಡಿನವರು ಯಾರು, ಇದನ್ನು ಹೇಳುವದು ಗೆದ್ದವರ ಕಲ್ಲಿನ ಕೆಲಸವಲ್ಲ. ಕಲ್ಲಿಗೆ ಸಂಬಳ ಕೊಟ್ಟವರ ಮಾತನ್ನೇ ಕಲ್ಲು ಹೇಳುವದು. ಆದಕಾರಣ ಒಂದೇ ಕಲ್ಲನ್ನು ಓದಿ ಎದ್ದು ಬಂದವನು ಅರ್ಧ ಓದಿದವನು.

ಉಳಿದ ಅರ್ಧವನ್ನು ಓದಬೇಕಾದರೆ ಧಾರವಾಡದಿಂದ ಕಿತ್ತೂರಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಬೀಡಿಯ ಮಾರ್ಗವಾಗಿ ಖಾನಾಪುರ ತಾಲೂಕಿನ ನಂದಗಡಕ್ಕೆ ಹೋಗಬೇಕು. ದಾರಿಯು ಎರೆಹೊಲಗಳನ್ನು ಬಿಟ್ಟು ಮೆಲ್ಲನೆ ಮಲೆನಾಡಿನ ಸೆರಗಿಗೆ ಏರುವದು. ಜೋಳ ಹೋಗಿ ಬತ್ತ ಬರುವದು. ಅಲ್ಲಿ ಒಂದು ಆಲದ ಮರದ ಕೆಳಗೆ ಸಂಗೊಳ್ಳಿ ರಾಯಣ್ಣನ ಸಮಾಧಿ ಅದೆ.

ರಾಯಣ್ಣನು ಅರಸನಲ್ಲ, ದೇಸಾಯಿಯಲ್ಲ, ಪಟ್ಟ ಕಟ್ಟಿಸಿಕೊಂಡವನಲ್ಲ. ಮಲಪ್ರಭೆಯ ದಂಡೆಯ ಮೇಲಿರುವ ಸಂಗೊಳ್ಳಿಯ ಕುರುಬರ ಮನೆಯಲ್ಲಿ ಹುಟ್ಟಿದವನು; ತಂದೆ ಭರಮಪ್ಪನು, ತಾಯಿ ಕೆಂಚವ್ವನು. ಕಿತ್ತೂರ ಸಂಸ್ಥಾನದಲ್ಲಿ ಅವನ ಕೆಲಸವು ಶೇತಸನದಿಯದಾಗಿತ್ತು. ಈ ಶಬ್ದವು ಈಗಿನ ಮಕ್ಕಳಿಗೆ ತಿಳಿಯದ ಕಾರಣ ತುಸು ಬಿಡಿಸಿ ಹೇಳುತ್ತೇವೆ. ಶೇತ ಎಂದರೆ ಹೊಲ, ಸನದು ಎಂದರೆ ಹಕ್ಕಿನ ಪತ್ರ. ಊರನ್ನು ಕಾಯುವದು, ಕಂದಾಯದ ಹಣವನ್ನು ಕಾವಲಿನಿಂದ ಮುಟ್ಟಿಸುವದು, ಯುದ್ಧ ಬಂದರೆ ಆಯುಧ ಹಿಡಿದು ಹೊರಡುವದು ಶೇತಸನದಿಯ ಕರ್ತವ್ಯ. ಇದಕ್ಕೆ ಪ್ರತಿಯಾಗಿ ತಿಂಗಳ ಸಂಬಳವಿಲ್ಲ. ತೆರಿಗೆ ಇಲ್ಲದ ಇಲ್ಲವೆ ಕಡಿಮೆ ತೆರಿಗೆಯ ಹೊಲವನ್ನು ವಂಶಪರಂಪರೆಯಾಗಿ ಉಣ್ಣುವದೇ ಅವನ ಸಂಬಳ. ರಾಯಣ್ಣನ ಮನೆಗೆ ಹೀಗೆ ಬಂದ ಹೊಲವನ್ನು ಜನರು ರಕ್ತಮಾನ್ಯವೆಂದು ಕರೆಯುತ್ತಿದ್ದರು. ಅಂದರೆ ಆ ಮನೆಯವರು ರಕ್ತ ಸುರಿಸಿ ಪಡೆದ ಹೊಲವೆಂದು ಅರ್ಥ.

ಅರಸು ಹೋದ ಮೇಲೆ ಆ ಹೊಲದ ಗತಿ ಏನು? ಇಲ್ಲಿಯೇ ಎಲ್ಲಾ ತೊಡಕು. ಹೊಸ ಸರಕಾರವು ಲೆಕ್ಕದ ಸರಕಾರವಾಗಿತ್ತು. ಯಾವ ಹೊಲಕ್ಕೆ ತೆರಿಗೆ ಇಲ್ಲ, ಯಾಕಿಲ್ಲ, ಕೊಟ್ಟವನು ಯಾರು, ಪತ್ರವೆಲ್ಲಿ ಎಂದು ಕೇಳಹತ್ತಿತು. ಕೊಟ್ಟ ಅರಸನು ಮಣ್ಣು ಕೂಡಿದ್ದನು; ರಕ್ತಕ್ಕೆ ರಸೀದಿ ಇರಲಿಲ್ಲ. ಹಾಗಾಗಿ ಕಾವಲಿನವರ ಮಾನ್ಯಗಳಲ್ಲಿ ಕೆಲವು ಸರಕಾರಕ್ಕೆ ಸೇರಿದವು, ಉಳಿದವುಗಳ ಮೇಲೆ ತೆರಿಗೆ ಏರಿತು. ರಾಯಣ್ಣನ ಹೊಲದಲ್ಲಿಯೂ ಭಾಗ ಹೋಯಿತು. ತೆರಿಗೆಯ ವಿಷಯವಾಗಿ ಊರ ಕುಲಕರ್ಣಿಗೂ ಅವನ ಮನೆಗೂ ಜಗಳ ಹತ್ತಿ, ಕುಲಕರ್ಣಿಯು ಅವನ ತಾಯಿಯ ಬೆನ್ನ ಮೇಲೆ ಕಲ್ಲು ಹೇರಿಸಿ ನಿಲ್ಲಿಸಿದನೆಂದು ಲಾವಣಿಯವರು ಹಾಡುತ್ತಾರೆ. ಹಾಡಿನ ಮಾತನ್ನು ನಾವು ದಫ್ತರದ ಮಾತಿನಂತೆ ಹಿಡಿಯುವದಿಲ್ಲ. ಆದರೆ ಹೊಲ ಕಳಕೊಂಡ ಮನೆಯ ಅವಮಾನವನ್ನು ದಫ್ತರವು ಬರೆಯುವದೂ ಇಲ್ಲ. ಅದನ್ನು ಬರೆದಿಟ್ಟದ್ದು ಹಾಡೇ.

ಹೊಲವನ್ನು ಕಳಕೊಳ್ಳುವದೆಂದರೆ ಏನೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಒಂದು ಸಾಲು ಹೆಚ್ಚುಕಡಿಮೆಯಾದರೆ ಮೂರು ತಲೆಮಾರು ಅಲೆದಾಡುವ ಮನೆಗಳು ನಮ್ಮ ಸಭೆಗಳಲ್ಲಿಯೂ ಉಂಟು.

ರಾಯಣ್ಣನು 1824ರ ಕಾಳಗದಲ್ಲಿಯೂ ಕಾದಿ, ಹಿಡಿಯಲ್ಪಟ್ಟು, ತರುವಾಯ ಬಿಡುಗಡೆಯಾದವನು. ರಾಣಿಯು ಸೆರೆಯಲ್ಲಿ ಸತ್ತ ಮರುವರ್ಷ, ಅಂದರೆ 1830ರ ಜನೇವರಿಯಲ್ಲಿ, ಅವನು ಮತ್ತೆ ಎದ್ದನು. ದತ್ತಕಪುತ್ರನಾದ ಶಿವಲಿಂಗಪ್ಪನೇ ಕಿತ್ತೂರಿನ ಒಡೆಯನೆಂದು ಸಾರಿದನು. ಅವನ ಕೂಡ ಶೇತಸನದಿಗಳೂ ರೈತರೂ ಕಾಡಿನವರೂ ಸೇರಿದರು. ಬಿಚ್ಚುಗತ್ತಿ ಚನ್ನಬಸಪ್ಪನೂ, ಸಿದ್ದಿಗಳ ಕುಲದ ಗಜವೀರನೂ ಅವನ ಮುಖ್ಯ ಜೊತೆಗಾರರು. ಸಿದ್ದಿಗಳೆಂದರೆ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಹಳಿಯಾಳ ಯಲ್ಲಾಪುರಗಳ ಕಾಡುಗಳಲ್ಲಿ ನೆಲೆಸಿದವರ ಸಂತತಿ. ಕುರುಬನೂ ಲಿಂಗವಂತನೂ ಸಿದ್ದಿಯೂ ಒಂದೇ ಹಾಡಿನಲ್ಲಿ ನಿಂತಿರುವದು ನಮಗೆ ಬಹಳ ಮೆಚ್ಚಿಕೆಯಾದದ್ದು. ಮಕ್ಕಳಿಗೆ ಹೇಳುವಾಗ ಈ ಮಾತನ್ನು ಬಿಡಬಾರದು.

ಅವರು ಮೊದಲು ಹೊಡೆದದ್ದು ಎಲ್ಲಿಗೆಂಬದನ್ನು ಗಮನಿಸಿರಿ. ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟರು. ನಂದಗಡ, ಖಾನಾಪುರ, ಸಂಪಗಾವಿಗಳ ಕಡೆಗೆ ನುಗ್ಗಿ ಖಜಾನೆಗಳ ಮೇಲೂ ದಫ್ತರಗಳ ಮೇಲೂ ಬಿದ್ದರು. ಕಾಗದಗಳನ್ನು ಸುಟ್ಟದ್ದು ಹುಡುಗಾಟದಿಂದಲ್ಲ. ಆ ಕಾಗದಗಳಲ್ಲಿಯೇ ಅವರ ಹೊಲವು ಅವರದಲ್ಲವೆಂದು ಬರೆದಿತ್ತು. ಓದುಬರಹ ಬಾರದ ಜನರು ಬರಹವನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬದಕ್ಕೆ ಇದೇ ಸಾಕ್ಷಿ. ನಾವು ಬೆಂಕಿ ಹಚ್ಚುವದನ್ನು ಹೊಗಳುತ್ತಿಲ್ಲ. ಆ ದಂಗೆಯಲ್ಲಿ ನಿರಪರಾಧಿಗಳಾದ ಮನೆಗಳಿಗೂ ನಷ್ಟ ತಟ್ಟಿರಬಹುದು. ಆದರೆ ಕಾರಣವನ್ನು ತಿಳಿಯದೆ ಅವನನ್ನು ದರೋಡೆಗಾರನೆಂದು ಕರೆದು ಸುಮ್ಮನಾಗುವದು ಅಂದಿನ ಅಧಿಕಾರಿಗಳಿಗೆ ಸುಲಭವಾಗಿತ್ತು. ನಮಗೆ ಅದು ಸಲ್ಲದು.

ಮೂರು ತಿಂಗಳ ವರೆಗೆ ಸೈನ್ಯದಿಂದ ಅವನನ್ನು ಹಿಡಿಯಲಾಗಲಿಲ್ಲ. ಕಡೆಗೆ ಅವನ ನಾಡಿನ ಗೌಡರೇ, ಖೋದಾನಪುರದ ಲಿಂಗನಗೌಡನೂ ನೇಗಿನಹಾಳದ ವೆಂಕನಗೌಡನೂ, ಸರಕಾರದವರೊಡನೆ ಕೂಡಿ ಬಲೆ ಒಡ್ಡಿದರು. ಅವರ ಆಳುಗಳು ಬಂಟರಂತೆ ನಟಿಸಿ ಅವನ ದಂಡಿನಲ್ಲಿ ಸೇರಿದರು. ಏಪ್ರಿಲ್ ತಿಂಗಳಲ್ಲಿ ಡೋರಿಯ ಹಳ್ಳದಲ್ಲಿ ಸ್ನಾನಕ್ಕಿಳಿದು ಕತ್ತಿಯನ್ನು ಕೈಬಿಟ್ಟ ಹೊತ್ತಿನಲ್ಲಿ ಅವನನ್ನು ಹಿಡಿದು ಕಟ್ಟಿದರು. ವಿಚಾರಣೆಯಾಗಿ, 1831ನೆಯ ಇಸವಿ ಜನೇವರಿ 26ರಂದು ನಂದಗಡದ ಬಳಿಯಲ್ಲಿ ಗಲ್ಲಿಗೇರಿಸಿದರು. ಇಲ್ಲಿ ಒಂದು ಮಾತು. ಆ ಇಬ್ಬರು ಗೌಡರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಉಳಿಯಲಿ. ಆದರೆ ಅವರ ಊರುಗಳ ಹೆಸರು ಹಿಡಿದು ಇಂದಿನ ಮಕ್ಕಳನ್ನು ಮೂದಲಿಸುವದನ್ನು ಶಾಲೆಯಲ್ಲಾಗಲಿ ಸಂತೆಯಲ್ಲಾಗಲಿ ಕೇಳಿದರೆ ದಯಮಾಡಿ ತಡೆಯಿರಿ. ಊರು ಮೋಸ ಮಾಡುವದಿಲ್ಲ, ಮನುಷ್ಯರು ಮಾಡುತ್ತಾರೆ.

ಗಲ್ಲಿಗೇರಿದವನಿಗೆ ಸರಕಾರವು ಗುರುತು ಇಡುವದುಂಟೇ? ಹೆಣವನ್ನು ಹೂಳಲು ಕೊಟ್ಟದ್ದೇ ಹೆಚ್ಚು. ಆ ಮಣ್ಣಿನ ಮೇಲೆ ಚನ್ನಬಸಪ್ಪನು ಫಕೀರನ ವೇಷದಿಂದ ಬಂದು ಆಲದ ಸಸಿಯನ್ನು ನೆಟ್ಟನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೇಗೇ ಇರಲಿ, ಕಲ್ಲು ನಿಲ್ಲಿಸಲು ಧೈರ್ಯವೂ ಹಣವೂ ಇಲ್ಲದವರು ಮರ ನೆಟ್ಟರು. ಕಲ್ಲನ್ನು ಅಮಲದಾರನು ಕೀಳಿಸಬಹುದು. ಆಲದ ಸಸಿಯನ್ನು ನೋಡಿ ಯಾರಿಗೆ ಸಂಶಯ ಬರುವದು?

ನಾವು ಸಭೆಯ ನಾಲ್ಕು ಹುಡುಗರನ್ನು ಕರಕೊಂಡು ಅಲ್ಲಿಗೆ ಹೋಗಿದ್ದೆವು. ಮರದ ಕೊಂಬೆಗಳಿಗೆ ಮರದ ಚಿಕ್ಕ ಚಿಕ್ಕ ತೊಟ್ಟಿಲುಗಳು ತೂಗುತ್ತಿದ್ದವು. ಮಕ್ಕಳಿಲ್ಲದವರು, ರಾಯಣ್ಣನಂಥ ಮಗನು ಹುಟ್ಟಲೆಂದು ಹರಕೆ ಹೊತ್ತು ಅವುಗಳನ್ನು ಕಟ್ಟುತ್ತಾರೆ. ಹರಕೆಯ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ವಾಚಕರು ಬಲ್ಲರು. ಅದನ್ನು ಇಲ್ಲಿ ಎತ್ತುವದಿಲ್ಲ. ಬೈಲಹೊಂಗಲದ ಕಡೆಯಿಂದ ಬಂದ ಒಬ್ಬ ಮುದುಕಿಯು ಸೊಸೆಯೊಡನೆ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ನಮ್ಮ ಹುಡುಗರಲ್ಲಿ ಚಿಕ್ಕವನು ಆಕೆಯನ್ನು, "ಆಯಿ, ಇಲ್ಲಿ ಯಾರನ್ನ ಹೂಳ್ಯಾರ್ರೀ?" ಎಂದು ಕೇಳಿದನು.

"ರಾಯಣ್ಣನ್ನಪಾ. ಮತ್ಯಾರನ್ನ?"

"ಅಂವ ಏನ ಮಾಡಿದ್ದನ್ರೀ?"

"ನಮ್ಮ ಹೊಲಾ ನಮಗ ಇರ್ಲಿ ಅಂದ. ಅದಕ್ಕ ಗಲ್ಲಿಗೆ ಹಾಕಿದ್ರು."

"ಯಾವಾಗ್ರೀ?"

"ಇಸ್ವಿ ಗಿಸ್ವಿ ನನಗೇನ ಗೊತ್ತಪಾ, ನಾ ಸಾಲಿ ಕಲ್ತಾಕಿ ಅಲ್ಲ. ತಗೋ, ಒಂದ ರೊಟ್ಟಿ ತಿನ್ನು."

ರೊಟ್ಟಿಯ ಮೇಲೆ ಶೇಂಗಾ ಚಟ್ನಿಯನ್ನಿಟ್ಟು ನಾಲ್ವರಿಗೂ ಕೊಟ್ಟಳು. ಹಿಂದಿರುಗುವಾಗ ಆ ಹುಡುಗನು ನಮಗೆ ಒಂದು ಪ್ರಶ್ನೆ ಹಾಕಿದನು: ಧಾರವಾಡದ ಕಲ್ಲಿಗೆ ಇಸವಿ ಗೊತ್ತು, ಯಾಕೆಂಬದು ಗೊತ್ತಿಲ್ಲ, ಈ ಆಯಿಗೆ ಯಾಕೆಂಬದು ಗೊತ್ತು, ಇಸವಿ ಗೊತ್ತಿಲ್ಲ, ಹಾಗಾದರೆ ಯಾರನ್ನು ನಂಬಬೇಕು? ಹನ್ನೆರಡು ವರ್ಷದ ಹುಡುಗನ ಬಾಯಿಂದ ಈ ಮಾತು ಬಂದದ್ದರಿಂದ ನಾವು ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಇಬ್ಬರನ್ನೂ ಕೇಳಬೇಕು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರಿಂದ ತುಂಬಿಕೊಳ್ಳಬೇಕು ಎಂದು ಕಡೆಗೆ ಹೇಳಿದೆವು. ಅವನಿಗೆ ಅದು ಪೂರಾ ಒಪ್ಪಿಗೆಯಾದಂತೆ ಕಾಣಲಿಲ್ಲ.

ಇಸವಿಗೂ ಕಾರಣಕ್ಕೂ ನಡುವೆ ಹಾಡು ನಿಂತಿದೆ. ಡಪ್ಪು ತುಂತುಣಿಗಳೊಡನೆ ಗೀಗೀ ಮೇಳದವರು ಊರಿಂದೂರಿಗೆ ರಾಯಣ್ಣನ ಕತೆಯನ್ನು ಹೊತ್ತುಕೊಂಡು ಹೋದರು. ಆಶ್ಚರ್ಯವೇನಂದರೆ, ಆ ಹಾಡನ್ನು ಮೊದಲು ಅಚ್ಚಿಗೆ ಹಾಕಿದವರಲ್ಲಿ ಒಬ್ಬನು ಸರಕಾರದ ಅಧಿಕಾರಿಯೇ. ಮುಂಬಯಿ ಇಲಾಖೆಯ ನೌಕರನೂ, ಶಾಸನಗಳ ಪಂಡಿತನೂ ಆದ ಜೆ. ಎಫ್. ಫ್ಲೀಟ್ ಎಂಬವನು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ಅವುಗಳಲ್ಲಿ ರಾಯಣ್ಣನದೂ ಇತ್ತು, ಹಲಗಲಿಯ ಬೇಡರದೂ ಇತ್ತು. ಹಲಗಲಿಯು ಮುಧೋಳದ ಸೀಮೆಯ ಹಳ್ಳಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಅಲ್ಲಿಯ ಬೇಡರು ಕೊಡಲೊಪ್ಪದೆ ಕಾದಿ, ಊರು ಸುಡಲ್ಪಟ್ಟು, ಅವರ ಮುಖಂಡರು ಗಲ್ಲಿಗೇರಿದರು. ತಮ್ಮ ಸರಕಾರಕ್ಕೆ ತಿರುಗಿಬಿದ್ದವರ ಹಾಡನ್ನು ಆ ಸರಕಾರದವನೇ ಬರೆದಿಟ್ಟನು. ಒಳ್ಳೆಯ ವಿದ್ಯೆಯು ಕೆಲವು ಸಾರೆ ತನ್ನ ಒಡೆಯನಿಗಿಂತ ದೊಡ್ಡ ಮನಸ್ಸಿನದಾಗುವದು.

ಹೊಲದ ಈ ದುಃಖವು ನಮ್ಮ ಸೀಮೆಯೊಂದರದೇ ಎಂದು ಎಣಿಸಬೇಡಿರಿ. ರಾಯಣ್ಣನು ಕಾಡಿನಲ್ಲಿದ್ದ ಅದೇ 1830ನೆಯ ವರ್ಷದ ಮೇ ತಿಂಗಳಲ್ಲಿ ಅಮೇರಿಕ ದೇಶದಲ್ಲಿ ಒಂದು ಕಾಯಿದೆಯಾಯಿತು. ಆ ದೇಶದ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಸಾಗಿಸುವದೇ ಅದರ ಉದ್ದೇಶ. ಅವರಲ್ಲಿ ಚೆರೋಕಿ ಎಂಬ ಜನಾಂಗವು ಒಕ್ಕಲುತನ ಮಾಡಿಕೊಂಡಿತ್ತು. ಸಿಕ್ವೋಯಾ ಎಂಬ, ಇಂಗ್ಲಿಷ್ ಓದುಬರಹ ಬಾರದ ಒಬ್ಬ ಚೆರೋಕಿಯು 1821ರ ಹೊತ್ತಿಗೆ ತಮ್ಮ ಮಾತಿಗೆ ತಾನೇ ಅಕ್ಷರಗಳನ್ನು ಕಲ್ಪಿಸಿದ್ದನು. 1828ರಲ್ಲಿ ಆ ಅಕ್ಷರಗಳಿಂದ ಪತ್ರಿಕೆಯೂ ಹೊರಟಿತು. ಅವರ ಮುಖ್ಯ ನಾಯಕನಾದ ಜಾನ್ ರಾಸ್ ಕತ್ತಿಯನ್ನು ಹಿಡಿಯದೆ ಮನವಿಗಳನ್ನೂ ನ್ಯಾಯಾಲಯವನ್ನೂ ಹಿಡಿದನು. ಅವರ ನಡುವೆ ಇದ್ದ ಸ್ಯಾಮ್ಯುಯೆಲ್ ವೂರ್ಸ್ಟರ್ ಎಂಬ ಮಿಶನರಿಯು, ಅವರ ನೆಲದಲ್ಲಿ ವಾಸಿಸುವದಕ್ಕೆ ಜಾರ್ಜಿಯ ಸಂಸ್ಥಾನದವರು ಬೇಡಿದ ಪ್ರಮಾಣವನ್ನು ಮಾಡಲು ಒಪ್ಪದೆ, 1831ರಲ್ಲಿ ನಾಲ್ಕು ವರ್ಷದ ಕಠಿಣ ಶಿಕ್ಷೆಗೆ ಒಳಗಾದನು. 1832ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಅವನ ಪಕ್ಷದಲ್ಲಿ ತೀರ್ಪು ಕೊಟ್ಟರೂ ನೆಲವು ಉಳಿಯಲಿಲ್ಲ. 1838-39ರಲ್ಲಿ ಚೆರೋಕಿಗಳನ್ನು ಸಿಪಾಯಿಗಳ ಕಾವಲಿನಲ್ಲಿ ನಡಿಸಿಕೊಂಡು ಹೋದಾಗ ಸುಮಾರು ನಾಲ್ಕು ಸಾವಿರ ಜನರು ಸತ್ತರೆಂದು ಹೇಳುತ್ತಾರೆ. ಕಣ್ಣೀರಿನ ದಾರಿಯೆಂದು ಹೆಸರಾದ ಆ ಮಾರ್ಗವನ್ನು 1987ರಲ್ಲಿ ಆ ಸರಕಾರವೇ ಚಾರಿತ್ರಿಕ ಮಾರ್ಗವೆಂದು ಗೊತ್ತುಮಾಡಿತು. ಈಗ ಹಳ್ಳಿಯ ರಸ್ತೆಗಳ ಬದಿಯಲ್ಲಿ ಅದರ ಫಲಕಗಳು ನಿಂತಿವೆ. ಓಡಿಸಿದವರ ಮೊಮ್ಮಕ್ಕಳು ಓಡಿಸಲ್ಪಟ್ಟವರ ಹೆಸರನ್ನು ಬರೆದು ನಿಲ್ಲಿಸುವದಕ್ಕೆ ನೂರೈವತ್ತು ವರ್ಷ ಹಿಡಿಯಿತು.

ನಮ್ಮಲ್ಲಿಯೂ ಹೊಸ ಗುರುತುಗಳಿಗೆ ಈಗ ಕೊರತೆಯಿಲ್ಲ. ಹುಬ್ಬಳ್ಳಿಯ ಚೆನ್ನಮ್ಮನ ವೃತ್ತವನ್ನು ತಿಳಿಯದವರಿಲ್ಲ. 2007ರ ಸಪ್ಟಂಬರ 11ರಂದು ದಿಲ್ಲಿಯ ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆ ನಿಂತಿತು. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ 2015-16ರಲ್ಲಿ ರಾಯಣ್ಣನ ಹೆಸರಾಯಿತು. ನಂದಗಡದ ಸಮಾಧಿಯ ಬಳಿಯಲ್ಲಿಯೂ ಅಶೋಕಸ್ತಂಭವನ್ನು ನಿಲ್ಲಿಸಿದ್ದಾರೆ. ರಾಯಣ್ಣನು ಹುಟ್ಟಿದ್ದು ಆಗಸ್ಟ 15, ಸತ್ತದ್ದು ಜನೇವರಿ 26, ಎರಡೂ ದೇಶದ ಹಬ್ಬದ ದಿನಗಳೆಂದು ಭಾಷಣಗಳಲ್ಲಿ ಹೇಳುವದನ್ನು ಕೇಳುತ್ತೇವೆ. ಸತ್ತ ದಿನವನ್ನು ದಫ್ತರವು ಬಲ್ಲದು. ಹುಟ್ಟಿದ ದಿನವನ್ನು ಬರೆದಿಡುವ ವಾಡಿಕೆಯು ಆ ಕಾಲದ ಹಳ್ಳಿಯ ಮನೆಗಳಲ್ಲಿ ಇರಲಿಲ್ಲವಾದ್ದರಿಂದ, ನಾವು ಅದನ್ನು ನಾಡಿನವರ ನಂಬಿಕೆಯೆಂದು ಹೇಳಿ ಮುಂದೆ ಸಾಗುತ್ತೇವೆ. ಅವನ ಹೊಲದ ಕತೆಗೆ ಇಂಥ ಒಡವೆಯ ಅಗತ್ಯವಿಲ್ಲ.

ಆದರೆ ದೊಡ್ಡವರ ಪ್ರತಿಮೆಗಳನ್ನು ನೋಡಿಕೊಳ್ಳುವವರು ಇದ್ದಾರೆ. ನಮ್ಮ ಚಿಂತೆಯು ಊರ ಹೊರಗಿನ ಹೆಸರಿಲ್ಲದ ಕಲ್ಲುಗಳದು. ಈ ನಾಡಿನಲ್ಲಿ ಹಳ್ಳಿಯ ವೀರನಿಗೆ ಕಲ್ಲು ನಿಲ್ಲಿಸುವ ಪದ್ಧತಿಯು ಬಹು ಪುರಾತನವಾದದ್ದು. ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತವನನ್ನು ದೇವಕನ್ಯೆಯರು ಎತ್ತಿಕೊಂಡು ಹೋಗುವದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವದು, ತುದಿಯಲ್ಲಿ ಸೂರ್ಯಚಂದ್ರರು. ಊರ ದನಗಳನ್ನು ಕಳ್ಳರು ಹೊಡಕೊಂಡು ಹೋಗುವಾಗ ಬೆನ್ನಟ್ಟಿ ಸತ್ತವರ ಕಲ್ಲುಗಳು ಬಹಳ. ಅರಸನಿಗಾಗಿ ಸತ್ತವರಷ್ಟೇ ಅಲ್ಲ, ಆಕಳಿಗಾಗಿ ಸತ್ತವರಿಗೂ ನಮ್ಮ ಹಿರಿಯರು ಮಾನ ಕೊಟ್ಟರು. ಮಂಡ್ಯದ ಸೀಮೆಯ ಆತಕೂರಿನಲ್ಲಿ ಕ್ರಿಸ್ತಶಕ 949-50ರಲ್ಲಿ ಕಾಳಿ ಎಂಬ ಬೇಟೆನಾಯಿಗೂ, ಅದು ಕಾಡುಹಂದಿಯ ಸಂಗಡ ಹೋರಾಡಿ ಸತ್ತದ್ದಕ್ಕಾಗಿ, ಅಕ್ಷರವುಳ್ಳ ಕಲ್ಲನ್ನು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ಸಂಗ್ರಹಾಲಯದಲ್ಲಿದೆ. ನಾಯಿಯ ಉಪಕಾರವನ್ನು ಸಾವಿರ ವರ್ಷದ ಮೇಲೆಯೂ ನಾವು ಬಲ್ಲೆವು.

ಇಷ್ಟು ಹೇಳಿದ ಮೇಲೆ ನಮ್ಮ ಸ್ವಂತ ಅಪರಾಧವನ್ನು ಮುಚ್ಚಿಡುವದು ಸರಿಯಲ್ಲ. ಹದಿನೈದು ವರ್ಷಗಳ ಹಿಂದೆ ಸೆಮಿನರಿಯಿಂದ ಹೊಸದಾಗಿ ಹೊರಬಿದ್ದು, ಕಲಘಟಗಿಯ ಕಡೆಯ ಒಂದು ಹಳ್ಳಿಗೆ ಬಂದಿದ್ದೆವು. ಪ್ರಾರ್ಥನಾಮಂದಿರದ ಬಾಗಿಲಿಗೆ ಮೆಟ್ಟಿಲು ಬೇಕಾಗಿತ್ತು. ಹಿತ್ತಲಲ್ಲಿ ಉದ್ದನೆಯ ಒಂದು ಕಲ್ಲು ಬಿದ್ದಿತ್ತು. ಅದರ ಮೇಲೆ ಗೊಂಬೆಗಳಿದ್ದವು. ಕಲ್ಲುಕುಟಿಗನು ಮಣ್ಣು ಒರಸಿ, "ಉಪದೇಶಿಗಳೇ, ಇದರಾಗ ಅಕ್ಷರ ಅದಾವಲ್ರೀ," ಎಂದನು. ನಮಗೆ ಆಗ ಎಲ್ಲವನ್ನೂ ಬಲ್ಲೆವೆಂಬ ವಯಸ್ಸು. ಇದೇನೋ ಹಳೆಯ ವಿಗ್ರಹವೆಂದು ಎಣಿಸಿ, "ಇರಲಿ, ಸಪಾಟು ಮಾಡು," ಎಂದೆವು. ಅವನು ಮತ್ತೊಮ್ಮೆ ನಮ್ಮ ಮುಖವನ್ನು ನೋಡಿ, ಚಾಣದಿಂದ ಅರ್ಧ ದಿವಸ ಕೆತ್ತಿ ಸಪಾಟು ಮಾಡಿದನು. ಸಭೆಯ ಹಿರಿಯಳೊಬ್ಬಳು, ಅದು ಆಕಳ ಕಾಯ್ದವನ ಕಲ್ಲೆಂದು ತನ್ನ ಅಜ್ಜಿ ಹೇಳುತ್ತಿದ್ದಳೆಂದು ಸಂಜೆಗೆ ಬಂದು ಹೇಳಿದಳು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಮೆಟ್ಟಿಲನ್ನು ತುಳಿದು ನಾವು ಎಷ್ಟೋ ವರ್ಷ ಒಳಗೆ ಹೋಗಿ ಬಂದೆವು.

ನಮ್ಮಂತೆ ಬೇರೆಯವರು ಮಾಡಬಾರದೆಂದು ಕೆಲವು ಮಾತುಗಳನ್ನು ಬರೆಯುತ್ತೇವೆ. ನಿಮ್ಮ ಊರಿನಲ್ಲಿ ಇಂಥ ಕಲ್ಲು ಕಂಡರೆ ಅದನ್ನು ಇದ್ದಲ್ಲಿಯೇ ಇರಗೊಡಿಸಿರಿ. ಬಟ್ಟೆ ಒಗೆಯುವದಕ್ಕಾಗಲಿ ಮೋರಿಗೆ ಹಾಸುವದಕ್ಕಾಗಲಿ ಕೊಡಬೇಡಿರಿ. ತಂತಿಯ ಬ್ರಶ್ಶಿನಿಂದ ತಿಕ್ಕಬಾರದು. ಸುಣ್ಣ, ಎಣ್ಣೆ, ಬಣ್ಣ ಬಳಿಯಬಾರದು. ಹಾವಸೆ ಇದ್ದರೆ ನೀರು ಹಾಕಿ ಮೆತ್ತನೆಯ ನಾರಿನಿಂದ ಒರಸಿದರೆ ಸಾಕು. ಬೆಳಿಗ್ಗೆ ಇಲ್ಲವೆ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಮಧ್ಯಾಹ್ನದಲ್ಲಿ ಕಾಣದ ಅಕ್ಷರಗಳು ಕಾಣುವವು. ಆಗ ಫೋಟೋ ತೆಗೆಯಿರಿ. ತೆಳ್ಳನೆಯ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು, ಕಾಗದದ ಮೇಲೆ ಇದ್ದಲಿಯನ್ನು ಹಗುರವಾಗಿ ಆಡಿಸಿದರೂ ಅಕ್ಷರದ ಆಕಾರವು ಏಳುವದ. ಓದಲು ಬಾರದಿದ್ದರೆ ಊಹೆಯಿಂದ ಓದಬೇಡಿರಿ; ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಿಂದ ಇಂಥ ಕೆಲಸದಲ್ಲಿ ತೊಡಗಿರುವದು, ಅಲ್ಲಿಯವರಿಗೆ ತೋರಿಸಿರಿ. ಇದಕ್ಕಿಂತಲೂ ಮೊದಲು ಮಾಡಬೇಕಾದದ್ದು ಊರ ಮುದುಕಿಯರನ್ನು ಕೇಳುವದು. ಕಲ್ಲು ಇನ್ನೂ ಸ್ವಲ್ಪ ಕಾಲ ಕಾದೀತು, ಅವರು ಕಾಯುವವರಲ್ಲ.

ನಂದಗಡದಿಂದ ಬಂದ ಮೇಲೆ ಆ ನಾಲ್ವರು ಹುಡುಗರನ್ನು ಕೂಡಿಸಿಕೊಂಡು ನಮ್ಮ ಮೆಟ್ಟಿಲನ್ನು ಎಬ್ಬಿಸಿದೆವು. ನಾಲ್ಕು ಆಳಿನ ಕೆಲಸವಾಯಿತು. ನಡುವಿನ ಭಾಗವೆಲ್ಲ ಸಪಾಟು. ಚಾಣದ ಗೆರೆಗಳು ಹಾಗೆಯೇ ಇದ್ದವು. ಎಡಗಡೆಯ ಅಂಚಿನಲ್ಲಿ ಒಂದು ಆಕಳ ಬಾಲವೂ ಹಿಂಗಾಲೂ ಉಳಿದಿದ್ದವು. ಕೆಳಗೆ, ಗೋಡೆಯೊಳಗೆ ಸೇರಿದ್ದ ಕಾರಣ ಚಾಣವು ಮುಟ್ಟದ ತುದಿಯಲ್ಲಿ, ತುರು ಎಂಬ ಎರಡು ಅಕ್ಷರಗಳೂ ಮತ್ತೊಂದರ ಅರ್ಧವೂ ಇದ್ದವು. ಹೆಸರು ಹೋಗಿತ್ತು. ಕಲ್ಲನ್ನು ಬೇವಿನ ಮರದ ಕೆಳಗೆ ಗೋಡೆಗೆ ಆನಿಸಿ ನಿಲ್ಲಿಸಿದ್ದೇವೆ. ಇದ್ದಲಿಯಿಂದ ತೆಗೆದ ಕಾಗದವನ್ನು ಸಭೆಯ ದಾಖಲೆಯ ಪುಸ್ತಕದಲ್ಲಿ ಅಂಟಿಸಿ, ಅದರ ಕೆಳಗೆ ಕಲ್ಲು ಇದ್ದ ಸ್ಥಳವನ್ನೂ, ಉಳಿದ ಅಕ್ಷರಗಳನ್ನೂ, ಹಿರಿಯಳು ಹೇಳಿದ ಮಾತನ್ನೂ ಬರೆಯಲು ಚಿಕ್ಕ ಹುಡುಗನಿಗೆ ಹೇಳಿದೆವು. ಅವನು ಎಲ್ಲವನ್ನೂ ಬರೆದು, ಲೇಖಣಿಯನ್ನು ಎತ್ತಿ ಹಿಡಿದು, ಕೆತ್ತಿಸಿ ಹಾಕಿದವರು ಯಾರೆಂದು ಬರೆಯಲಿ ಎಂದು ಕೇಳಿದನು. ನಮ್ಮ ಹೆಸರನ್ನು ಹೇಳಿ ಬರೆಯಿಸಿದೆವು.